ಹೇರಿಗೊಂದು ಬೊಗಸೆ

ಹೊಳೆಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ ಒಂದೂರಿತ್ತಂತೆ. ಊರಿಗೊಬ್ಬ ರಾಜ, ರಾಜನಿಗೊಬ್ಬ ದಿವಾನ, ದಿವಾನನಿಗೆ ನೂರು ಮಂದಿ ಕಾರಕೂನರು, ಎಲ್ಲರಿಗೂ ಮೂರು ಹೊತ್ತು ಊಟ. ಊಟಕ್ಕೆ ಉಪ್ಪು ಬೇಕಲ್ಲ? ಆ ಉಪ್ಪು ಬರುತ್ತಿದ್ದದ್ದು ಹದಿನೆಂಟು ಹಗಲಿನ ದಾರಿಯಾಚೆಯ ಪಡುವಣ ಕಡಲಿಂದ, ಎತ್ತುಗಳ ಬೆನ್ನ ಮೇಲೆ. ಎತ್ತಿನ ಆ ಪಕ್ಕ ಒಂದು ಚೀಲ, ಈ ಪಕ್ಕ ಒಂದು ಚೀಲ. ಎರಡೂ ಸೇರಿ ಒಂದು ಹೇರು. ಇಪ್ಪತ್ತು ಮಂದಿ ಉಪ್ಪಿನವರು, ಎಂಬತ್ತು ಎತ್ತು, ಎಂಬತ್ತು ಹೇರು. ಒಂದರ ಹಿಂದೊಂದು ಸಾಲು ಹಿಡಿದು ಹೊರಟರೆ, ಸಾಲಿನ ತಲೆ ಗುಡ್ಡ ಇಳಿಯುವಾಗ ಬಾಲ ಇನ್ನೂ ಗುಡ್ಡ ಹತ್ತುತ್ತಿತ್ತಂತೆ.

ಊರು ಇನ್ನೇನು ಸಿಕ್ಕಿತು ಅನ್ನುವಷ್ಟರಲ್ಲಿ ಹೊಳೆ ಅಡ್ಡ ಬರುತ್ತಿತ್ತು. ಈಚೆ ದಡ, ಊರಿನ ಕಡೆಯದು, ರಾಜನದು. ಆಚೆ ದಡ ಯಾವ ರಾಜನದೂ ಅಲ್ಲದ ಜಾಲಿಮುಳ್ಳಿನ ಬಯಲು. ನಡುವೆ ಸೇತುವೆ ಇಲ್ಲ, ನೀರಿಗಿಳಿದೇ ಹಾಯಬೇಕು. ಉಪ್ಪು ನೀರಿಗಿಳಿದರೆ ಏನಾಗುತ್ತದೆ ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮೊದಲು ಇಳಿದ ಎತ್ತಿಗೆ ಕಾಲಡಿ ಗಟ್ಟಿ ಮರಳು, ನೀರು ಮೊಣಕಾಲಿಗೆ. ಚೀಲದ ತಳ ತುಸು ನೆನೆಯುತ್ತಿತ್ತು, ಅಷ್ಟೇ. ಎಪ್ಪತ್ತು ಎತ್ತು ತುಳಿದುಹೋದ ಮೇಲೆ ಇಳಿದ ಎತ್ತಿಗೆ ಅದೇ ಜಾಗದಲ್ಲಿ ಕೆಸರಿನ ಗುಂಡಿ, ನೀರು ಹೊಟ್ಟೆಗೆ. ತಲೆಯಲ್ಲಿ ಹೋದವನಿಗೆ ಹತ್ತು ಹೇರಿಗೆ ಅರ್ಧ ಹೇರು ಹೊಳೆಯ ಪಾಲಾದರೆ, ಬಾಲದಲ್ಲಿ ಹೋದವನಿಗೆ ಮೂರು ಹೇರು. ಸಾಲದ್ದಕ್ಕೆ ಪೇಟೆಗೆ ಮೊದಲು ಮುಟ್ಟಿದವನಿಗೆ ಒಳ್ಳೆಯ ಬೆಲೆ, ಕೊನೆಗೆ ಮುಟ್ಟಿದವನಿಗೆ ಉಳಿದ ಬೆಲೆ. ಆದ್ದರಿಂದ ಸಾಲಿನಲ್ಲಿ ಯಾರು ಎಲ್ಲಿ ಅನ್ನುವುದು ಉಪ್ಪಿನವರಿಗೆ ಬರೀ ಮರ್ಯಾದೆಯ ಮಾತಲ್ಲ, ಅನ್ನದ ಮಾತು.

ತಲೆಯಲ್ಲಿ ನಡೆಯುತ್ತಿದ್ದವನು ಅಡಿವೆಪ್ಪ. ಹತ್ತು ಎತ್ತಿನ ಯಜಮಾನ. ಚೀಲ ಎತ್ತಿ ನೋಡಿದರೇ ತೂಕ ಹೇಳುವವನು, ಗಿರಾಕಿಯ ಕಾಲು ನೋಡಿದರೇ ಕೊಳ್ಳಲು ಬಂದನೋ ಬೆಲೆ ಕೇಳಿ ಹೋಗಲು ಬಂದನೋ ಅಂತ ಹೇಳುವವನು. ಅವನ ಮುಂದಿನೆತ್ತಿನ ಕೊರಳಲ್ಲಿ ಕಂಚಿನ ಗಂಟೆ. ಆ ಗಂಟೆ ಯಾರ ಎತ್ತಿಗಿದೆಯೋ ಅವನೇ ಸಾಲಿನ ತಲೆ.

ಹೀಗಿರುವಾಗ ಒಂದು ದಿನ ಅರಮನೆಯಿಂದ ಡಂಗುರ ಬಂತಂತೆ.

"ಕೇಳ್ರಪ್ಪೋ ಕೇಳ್ರಿ! ದೊರೆಗಳು ಹೊಳೆಗೆ ಸೇತುವೆ ಕಟ್ಟಿಸ್ತಾರೆ! ಇವತ್ತಿನಿಂದ ಹೇರಿಗೊಂದು ಬೊಗಸೆ ಉಪ್ಪು ಸುಂಕ! ಮೂರು ವರ್ಷ ಬೊಗಸೆ, ಮೂರು ವರ್ಷಕ್ಕೆ ಸೇತುವೆ!"

ಉಪ್ಪಿನವರು ಹೇರು ಇಳಿಸಿ, ಎತ್ತು ಮೇಯಲು ಬಿಟ್ಟು, ಪಂಚಾಯ್ತಿ ಕೂತರು.

"ಕೊಡಬ್ಯಾಡ್ರಿ," ಅಂದಳು ತಿರಕವ್ವ. ಗಂಡ ಸತ್ತ ಮೇಲೆ ಅವನ ಎರಡೆತ್ತು ಹಿಡಿದುಕೊಂಡು ಸಾಲಿಗೆ ಸೇರಿದವಳು. ಸಾಲಿಗೆಲ್ಲ ಅವಳೊಬ್ಬಳೇ ಹೆಂಗಸು, ಬಾಲದಲ್ಲಿ ನಡೆಯುವವಳು. "ಅರಮನೆಗೆ ಹೋದ ಉಪ್ಪೂ ಒಂದೇ, ಹೊಳೆಗೆ ಹೋದ ಉಪ್ಪೂ ಒಂದೇ. ಹೊಳೆ ಆದ್ರೆ ಕುಡಿಯಾಕೆ ನೀರಾದ್ರೂ ಕೊಡ್ತೈತೆ."

ಅಡಿವೆಪ್ಪ ನಕ್ಕ. "ತಿರಕಕ್ಕಾ, ಲೆಕ್ಕ ಕೇಳು. ನಿಂದು ಎರಡು ಹೇರು. ಅದರಾಗೆ ಅರ್ಧ ಹೇರು ಪ್ರತಿ ಸಲ ಹೊಳೆಗೆ ಹೋಗ್ತೈತೆ. ಮೂರು ವರ್ಷ ಎರಡೆರಡು ಬೊಗಸೆ ಕೊಟ್ಟು ಸಾಯೋತನಕ ಅರ್ಧರ್ಧ ಹೇರು ಉಳಿಸ್ಕೊಳ್ಳೋದು ಕೆಟ್ಟ ವ್ಯಾಪಾರಾನಾ?"

"ವ್ಯಾಪಾರ ಒಳ್ಳೇದೇ. ಮಾರೋನು ಯಾರು ಅಂತ ನೋಡು."

"ರಾಜ ಕಣಕ್ಕಾ!"

"ಅದಕ್ಕೇ ಹೇಳಿದ್ದು."

ಎಲ್ಲರೂ ಗೊಳ್ಳೆಂದರು. ಅಡಿವೆಪ್ಪನಿಗೆ ರೇಗಿತು. ಇಪ್ಪತ್ತು ವರ್ಷ ವ್ಯಾಪಾರ ಮಾಡಿದವನು, ಮಾತು ಕೊಟ್ಟು ಮಾಲು ಕೊಡದವನನ್ನು ಕಂಡಿದ್ದನಾದರೂ, ಸಿಂಹಾಸನದ ಮೇಲೆ ಕೂತವನು ಹಾಗೆ ಮಾಡಿಯಾನು ಅಂತ ಅವನಿಗೆ ಹೊಳೆಯಲಿಲ್ಲ. ಎದ್ದು ನಿಂತು, "ಅರಮನೆ ಸೇತುವೆ ಕಟ್ಟಿಸ್ತೈತೆ. ನಾನು ಹೊಣೆ," ಅಂದುಬಿಟ್ಟ.

ನಗು ನಿಂತಿತು. ಉಪ್ಪಿನವರಲ್ಲಿ ಹೊಣೆ ಅನ್ನುವುದು ಸುಮ್ಮನೆ ಆಡುವ ಮಾತಲ್ಲ. ಹೊಣೆ ನಿಂತವನ ಮಾತು ಬಿದ್ದರೆ ಅವನು ಗಂಟೆ ಬಿಚ್ಚಿ ಸಾಲಿನ ಬಾಲಕ್ಕೆ ಹೋಗಬೇಕು. ಮಾತು ನಿಜವಾಗುವ ತನಕ ಬಾಲದಲ್ಲೇ ನಡೆಯಬೇಕು. ಮಾತು ಎಂದೂ ನಿಜವಾಗದಿದ್ದರೆ ಎಂದೆಂದೂ ಬಾಲದಲ್ಲೇ.

"ಅಡಿವೆಪ್ಪ ಹೊಣೆ ಅಂದ ಮೇಲೆ ಮುಗೀತು," ಅಂತ ಎಲ್ಲರೂ ಒಪ್ಪಿದರು. ತಿರಕವ್ವನೂ ಒಪ್ಪಿದಳು. "ನನ್ನ ಹಿಂದೆ ಜಾಗ ಖಾಲಿ ಐತೆ, ನೋಡ್ಕೊ," ಅಂತ ಒಂದು ಮಾತು ಸೇರಿಸಿದಳು.

ಮೊದಲನೇ ವರ್ಷ. ಬೊಗಸೆ ಅಂದರೆ ಯಾರ ಬೊಗಸೆ? ಡಂಗುರದಲ್ಲಿ ಅದಿರಲಿಲ್ಲ. ದಿವಾನ ಹನ್ನೆರಡು ಮಂದಿಗೆ ಹನ್ನೆರಡು ಪಲ್ಲಕ್ಕಿ ಕೊಟ್ಟು, ಕೈಗೊಂದು ಅಳತೆಯ ಹಗ್ಗ ಕೊಟ್ಟು, ರಾಜ್ಯದಲ್ಲಿ ಎಲ್ಲರಿಗಿಂತ ದೊಡ್ಡ ಅಂಗೈ ಯಾರದು ಅಂತ ಹುಡುಕಲು ಕಳಿಸಿದನಂತೆ. ಅರವತ್ತಾರು ಹಳ್ಳಿ ಸುತ್ತಿ ಬಸಲಿಂಗ ಅನ್ನುವವನನ್ನು ಕರೆತಂದರು. ಅವನ ಒಂದೊಂದು ಅಂಗೈ ಒಂದೊಂದು ಮೊರ. ಎರಡೂ ಕೂಡಿಸಿ ಚೀಲಕ್ಕೆ ಇಳಿಸಿ ಎತ್ತಿದರೆ ಚೀಲ ಬಾಣಂತಿಯ ಹೊಟ್ಟೆಯ ಹಾಗೆ ಜೋತುಬೀಳುತ್ತಿತ್ತು. ಹತ್ತು ಹೇರಿಗೆ ಹತ್ತು ಬೊಗಸೆ ಅಂದರೆ ಕಾಲು ಹೇರು ಹೋದೀತು ಅಂತ ಅಡಿವೆಪ್ಪ ಲೆಕ್ಕ ಹಾಕಿದ್ದ; ಹೋದದ್ದು ಒಂದು ಹೇರು. ಇಂಥ ಕೈ ಸವೆಯಬಾರದಲ್ಲ? ಎಣ್ಣೆ ತಿಕ್ಕಲು ಇಬ್ಬರನ್ನು ಇಟ್ಟರು. ಇಂಥ ಕೈಯಲ್ಲಿ ಅನ್ನ ಕಲಸಬಾರದಲ್ಲ? ತುತ್ತು ಮಾಡಿ ಉಣಿಸಲು ಒಬ್ಬನನ್ನು ಇಟ್ಟರು. ಬೆನ್ನು ತುರಿಸಿದರೆ ಕೆರೆಯಲು ಇನ್ನೊಬ್ಬ. ಅಷ್ಟಕ್ಕೆ ಆ ವರ್ಷದ ಉಪ್ಪು ಮುಗಿಯಿತು.

ಎರಡನೇ ವರ್ಷ ದಿವಾನನಿಗೆ ಯೋಚನೆ ಬಂತು: ಸೇತುವೆಯಾದ ದಿನ ದೊರೆಗಳು ದಯಮಾಡಿಸುತ್ತಾರೆ, ದಯಮಾಡಿಸುವಾಗ ಯಾವುದರ ಕೆಳಗೆ ಹಾದು ಬರಬೇಕು? ಈಚೆ ದಡದಲ್ಲಿ ಒಂದು ಕಮಾನು ಎದ್ದಿತು. ಎರಡು ಸಿಂಹ, ನಾಲ್ಕು ಗಿಳಿ, ನೆತ್ತಿಯಲ್ಲೊಂದು ಕಳಸ. ಕಮಾನಿಗೆ ಹಿಡಿದ ಕಲ್ಲಲ್ಲಿ ಅರ್ಧ ಸೇತುವೆ ಆಗುತ್ತಿತ್ತು ಅಂತ ಕೆತ್ತಿದವರೇ ಹೇಳಿಕೊಂಡು ನಕ್ಕರಂತೆ. ಉಪ್ಪಿನವರು ಹೊಟ್ಟೆಮಟ್ಟದ ನೀರು ಹಾದು, ಬಟ್ಟೆ ಹಿಂಡಿಕೊಂಡು, ಆ ಕಮಾನಿನ ಕೆಳಗೆ ಬಂದು ಬಸಲಿಂಗನಿಗೆ ಚೀಲದ ಬಾಯಿ ಬಿಚ್ಚುತ್ತಿದ್ದರು.

ಮೂರನೇ ವರ್ಷ ಕಲ್ಲು ಎಳೆಯಲು ಅಂತ ಆನೆ ಬಂತು. ಆನೆಗೊಂದು ಲಾಯ, ಲಾಯಕ್ಕೊಬ್ಬ ಮಾವುತ, ಮಾವುತನಿಗೊಂದು ಛತ್ರಿ, ಛತ್ರಿ ಹಿಡಿಯಲು ಒಬ್ಬ ಆಳು. ದಿನಾ ಹೊಳೆಗೆ ಬರುವುದು, ಮೀಯುವುದು, ಕಬ್ಬು ತಿನ್ನುವುದು, ಹೋಗುವುದು. ತಿರಕವ್ವ ಒಂದು ದಿನ ತಡೆದು ಕೇಳಿದಳು.

"ಏನಪ್ಪಾ ಮಾವುತಣ್ಣ, ಯಾವಾಗ ಕಲ್ಲು ಎಳಸ್ತಿ?"

"ಇದಿನ್ನೂ ಮರಿ ಕಣವ್ವ. ಕಲ್ಲು ಎಳೆಯೋ ಹಂಗಾಗಕ್ಕೆ ಇನ್ನೂ ಹತ್ತು ವರ್ಷ ಬೇಕು."

"ಹಂಗಾದ್ರೆ ಈಗ್ಲೇ ಯಾಕೆ ತಂದ್ರಿ?"

"ಅಲ್ಲೀತನಕ ಸಾಕಬೇಕಲ್ಲವ್ವ!" ಅಂದನಂತೆ ಮಾವುತ, ಇವಳಿಗೆ ಇಷ್ಟೂ ತಿಳಿಯದಲ್ಲ ಅನ್ನುವ ಹಾಗೆ.

ಮೂರು ವರ್ಷ ಮುಗಿಯಿತು. ಸೇತುವೆಯ ಒಂದು ಕಲ್ಲೂ ಹೊಳೆಗೆ ಬಿದ್ದಿರಲಿಲ್ಲ. ಬೊಗಸೆ ಮಾತ್ರ ನಿಲ್ಲಲಿಲ್ಲ. ಪಂಚಾಯ್ತಿ ಕೂರುವ ಮೊದಲೇ ಅಡಿವೆಪ್ಪ ತನ್ನೆತ್ತಿನ ಕೊರಳ ಗಂಟೆ ಬಿಚ್ಚಿದ. ಎರಡನೆಯವನಾಗಿ ನಡೆಯುತ್ತಿದ್ದ ಮಲಕಾಜಿಯ ಕೈಗಿಟ್ಟ. ಹತ್ತೂ ಎತ್ತು ಹೊಡೆದುಕೊಂಡು, ಎಲ್ಲರ ಪಕ್ಕದಲ್ಲೇ ಹಾದು, ಬಾಲಕ್ಕೆ ಹೋಗಿ ನಿಂತ.

"ಬಾ ತಮ್ಮಾ," ಅಂದಳು ತಿರಕವ್ವ. "ಇಲ್ಲಿ ಧೂಳು ಜಾಸ್ತಿ. ಬಾಯಿ ಮುಚ್ಕೊಂಡು ನಡಿ, ಅಭ್ಯಾಸ ಆಗ್ತೈತೆ."

ಬಾಲದ ನೀರು ಹೇಗಿರುತ್ತದೆ ಅಂತ ಅಡಿವೆಪ್ಪನಿಗೆ ಆಗ ತಿಳಿಯಿತು. ಒಂದು ವರ್ಷದಲ್ಲಿ ಎರಡೆತ್ತು ಕೆಸರಿನಲ್ಲಿ ಕಾಲು ಮುರಿದುಕೊಂಡವು. ಹತ್ತು ಎಂಟಾಯಿತು. ಪೇಟೆಗೆ ಅವನು ಮುಟ್ಟುವ ಹೊತ್ತಿಗೆ ಗಿರಾಕಿಗಳು ಮನೆಗೆ ಹೋಗಿ ಉಪ್ಪು ಹಾಕಿ ಸಾರು ಕುದಿಸಿಯಾಗಿರುತ್ತಿತ್ತು. ಹೀಗೇ ಬಿಟ್ಟರೆ ಕೈಯಲ್ಲಿ ಬಾರುಕೋಲು ಮಾತ್ರ ಉಳಿದೀತು ಅನ್ನಿಸಿ ಒಂದು ದಿನ ನೇರ ಅರಮನೆಗೆ ಹೋದ.

ರಾಜ ಕೆಟ್ಟವನೇನಲ್ಲ. ನಗುಮುಖದವನು. "ಏನಯ್ಯಾ, ಏನು ಬೇಕು?" ಅಂದ.

"ಸೇತುವೆ, ಬುದ್ಧಿ."

ರಾಜ ದಿವಾನನ ಮುಖ ನೋಡಿದ. ದಿವಾನ, "ಕೆಲಸ ನಡೀತಿದೆ ಪ್ರಭು," ಅಂದ.

"ನಡೀತಿದೆಯಂತಲ್ಲಯ್ಯಾ."

"ಎಲ್ಲಿ ನಡೀತೈತೋ ಬುದ್ಧಿ, ಹೊಳೆ ಕಡೆಗಂತೂ ಬಂದಿಲ್ಲ."

ದಿವಾನ ಲೆಕ್ಕದ ಓಲೆ ಬಿಚ್ಚಿದ. ಪಲ್ಲಕ್ಕಿ, ಎಣ್ಣೆ, ಸಿಂಹ, ಗಿಳಿ, ಕಬ್ಬು, ಛತ್ರಿ. ಓದಿ ಮುಗಿಸಿ, "ಪ್ರಜೆಗಳು ಕೊಟ್ಟ ಒಂದು ಹರಳೂ ಪೋಲಾಗಿಲ್ಲ, ಎಲ್ಲವೂ ಸೇತುವೆಯ ಬಾಬಿಗೇ ಹೋಗಿದೆ," ಅಂದ. ಸಭೆ ತಲೆದೂಗಿತು.

ಅಡಿವೆಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ಪೇಟೆಯ ನಾಲಗೆ, ತಡೆಯಲಿಲ್ಲ. "ಮಾಲು ಹೋದ್ರೆ ಹೋಗ್ಲಿ ಬುದ್ಧಿ," ಅಂದ. "ಕೊಸರಾದ್ರೂ ಕೊಡ್ರಿ."

ಕೊಸರು ಅಂದರೆ ಮೊಲೆ ಬಿಡದ ಕೂಸಿಗೂ ಗೊತ್ತು. ಅಂಗಡಿಯವನು ಅಳೆದು ಕೊಟ್ಟ ಮೇಲೆ, ಗಿರಾಕಿ ಬಟ್ಟೆ ಹಿಡಿದುಕೊಂಡು ನಿಂತೇ ಇದ್ದರೆ, ಮೇಲೆ ಒಂದು ಚಿಟಿಕೆ ಹಾಕುತ್ತಾನಲ್ಲ, ಅದು. ಮಾಲೇ ಕೊಡದವನ ಹತ್ತಿರ ಕೊಸರು ಕೇಳುವುದು ಅಂದರೆ ಮುಖಕ್ಕೆ ಉಗಿದ ಹಾಗೆ. ಪೇಟೆಯಲ್ಲಾಗಿದ್ದರೆ ಅಂಗಡಿಯವನು ತಲೆ ತಗ್ಗಿಸುತ್ತಿದ್ದ.

ಆದರೆ ಇದು ಅರಮನೆ. ರಾಜ ಹುಟ್ಟಿದಾರಭ್ಯ ಅಂಗಡಿಯ ಮುಂದೆ ನಿಂತವನಲ್ಲ. ದಿವಾನನ ಮನೆಗೆ ಎಲ್ಲವೂ ಉಗ್ರಾಣದಿಂದ ಹೋಗುತ್ತಿತ್ತು. ನೂರು ಮಂದಿ ಕಾರಕೂನರಿಗೆ ಎಲ್ಲವೂ ಕಾಣಿಕೆಯಾಗಿ ಬರುತ್ತಿತ್ತು. ಆ ಸಭೆಯಲ್ಲಿ ದುಡ್ಡು ಕೊಟ್ಟು ಕೊಂಡವನು ಒಬ್ಬನೂ ಇರಲಿಲ್ಲವಂತೆ! ರಾಜ ದಿವಾನನ ಕಡೆ ಬಾಗಿ, "ಕೊಸರು ಅಂದರೇನು?" ಅಂದ. ದಿವಾನ ಪಕ್ಕದವನನ್ನು ಕೇಳಿದ, ಅವನು ಅವನ ಪಕ್ಕದವನನ್ನು ಕೇಳಿದ. ಕೊನೆಯವನು, "ಭಾರಿ ದೊಡ್ಡದೇ ಇರಬೇಕು, ಇಲ್ಲದಿದ್ದರೆ ಇದಕ್ಕೋಸ್ಕರ ಅರಮನೆಗೆ ಬರ್ತಿದ್ನಾ?" ಅಂದ. ಆ ಮಾತು ಒಬ್ಬರಿಂದೊಬ್ಬರಿಗೆ ವಾಪಸು ಬಂದು ದಿವಾನನನ್ನು ಮುಟ್ಟಿತು.

"ಪ್ರಭು, ಕೊಸರು ಅನ್ನುವುದು ಸಾಮಾನ್ಯ ವಿಷಯವಲ್ಲ. ಬಹಳ ಖರ್ಚಿನದು."

"ಆದರೇನಂತೆ? ಪ್ರಜೆ ಬಾಯಿ ಬಿಟ್ಟು ಕೇಳಿದ್ದಾನೆ. ಮಾಡಿ," ಅಂದ ರಾಜ.

ಅಡಿವೆಪ್ಪ ಬಿಟ್ಟ ಬಾಯಿ ಬಿಟ್ಟ ಹಾಗೇ ಪೇಟೆಗೆ ಬಂದ. ಅವನ ಹಿಂದೆಯೇ ಡಂಗುರವೂ ಬಂತು.

"ಕೇಳ್ರಪ್ಪೋ ಕೇಳ್ರಿ! ಉಪ್ಪಿನ ಅಡಿವೆಪ್ಪನ ಬಿನ್ನಹ ಮನ್ನಿಸಿ ದೊರೆಗಳು ಕೊಸರು ಕೊಡಿಸ್ತಾರೆ! ಅದರ ಖರ್ಚಿಗೆ ಇವತ್ತಿನಿಂದ ಹೇರಿಗೆ ಇನ್ನೊಂದು ಬೊಗಸೆ!"

ಕೊಸರಿಗೊಂದು ಕಚೇರಿಯಾಯಿತು. ಕೊಸರೆಂದರೇನು ಅಂತ ತಿಳಿದು ಬರಲು ಹನ್ನೆರಡು ಪಂಡಿತರು ಏಳು ದೇಶಕ್ಕೆ ಹೋಗಿ ಏಳೇಳು ಶಾಲು ಹೊದ್ದು ಬಂದರು. ವರ್ಷದ ಮೇಲೆ ಒಂದು ದಿನ ಕಮಾನಿನ ಕೆಳಗೆ ಚಪ್ಪರ ಹಾಕಿ, ಉಪ್ಪಿನವರನ್ನು ಸಾಲಾಗಿ ನಿಲ್ಲಿಸಿ, ಕೊಸರು ಹಂಚಿದರು. ಹಂಚಿದವನು ದಿವಾನನ ಅಳಿಯ. ಜನ್ಮದಲ್ಲಿ ಏನೂ ಹಿಡಿಯದ ಕೈ, ಮುದ್ದಾದ ಕೈ; ಅದರ ಚಿಟಿಕೆಗೆ ಏನು ತಾನೇ ಹಿಡಿದೀತು? ಅಡಿವೆಪ್ಪನ ಪಾಲಿಗೆ ಹತ್ತೊಂಬತ್ತು ಹರಳು ಉಪ್ಪು. ಅದೂ ಅವನೇ ಕಡಲಿಂದ ಹೊತ್ತು ತಂದದ್ದು.

"ಮುಟ್ಟಿತು ಅಂತ ಹೆಬ್ಬೆಟ್ಟು ಒತ್ತು," ಅಂದ ಕಾರಕೂನ.

ಒತ್ತಿದ.

ಅವತ್ತು ಆಚೆ ದಡಕ್ಕೆ ವಾಪಸು ಹೋದ ಮೇಲೆ ಉಪ್ಪಿನವರು ಅವನ ಮೇಲೆ ಬಿದ್ದರು. "ನಿನ್ನ ಮಾತು ಕೇಳಿ ಒಂದು ಬೊಗಸೆ ಹೋಯ್ತು, ನೀನು ಮಾತಾಡಿ ಇನ್ನೊಂದು ಬೊಗಸೆ ಹೋಯ್ತು," ಅಂದ ಮಲಕಾಜಿ. "ಅಣ್ಣಾ, ಕೈ ಮುಗೀತೀನಿ. ಇನ್ನು ಅರಮನೆಗೆ ಹೋಗ್ಬ್ಯಾಡ. ಹೋದ್ರೂ ಬಾಯಿ ತೆಗೀಬ್ಯಾಡ."

ಅಡಿವೆಪ್ಪ ಬಾಲಕ್ಕೆ ಹೋಗಿ ತನ್ನ ಎತ್ತುಗಳ ಹಗ್ಗ ಬಿಗಿದ.

ಮುಂದಿನ ಮಳೆಗಾಲಕ್ಕೆ ಇನ್ನೆರಡು ಎತ್ತು ಹೋದವು. ಎಂಟು ಆರಾಯಿತು. ಮಳೆ ಕಳೆದು ಒಂದು ದಿನ ಬಾಲದಲ್ಲಿ ಹೊಳೆಗಿಳಿದಾಗ, ಎತ್ತುಗಳೆಲ್ಲ ಕೆಸರಿನಲ್ಲಿ ಹೂತುಕೊಂಡು ಒದ್ದಾಡುತ್ತಿದ್ದರೆ, ಅವನ ಒಂದೆತ್ತು ಮಾತ್ರ ನಡುನೀರಿನಲ್ಲಿ ನೆಟ್ಟಗೆ ನಿಂತಿತ್ತು. ಚೀಲಕ್ಕೆ ಒಂದು ಹನಿ ಸೋಕಿರಲಿಲ್ಲ. ಅಡಿವೆಪ್ಪ ಮುಳುಗಿ ತಡಕಿದ. ಗೊರಸಿನ ಕೆಳಗೆ ಒಂದು ಚಪ್ಪಟೆ ಕಲ್ಲು. ಯಾವ ಕಾಲದಲ್ಲಿ ಉರುಳಿ ಬಂದದ್ದೋ.

ಅವನು ಎದೆಮಟ್ಟದ ನೀರಿನಲ್ಲಿ ನಿಂತೇ ಲೆಕ್ಕ ಹಾಕಿದನಂತೆ. ಊರಿನಿಂದ ವಾಪಸು ಹೋಗುವಾಗ ಎತ್ತಿನ ಮೇಲೆ ಇರುವುದು ಅರ್ಧ ಹೇರು ಜೋಳ. ಅರ್ಧ ಬೆನ್ನು ಖಾಲಿ. ಊರಿಗೂ ಹೊಳೆಗೂ ನಡುವೆ, ದಾರಿಯಲ್ಲೇ ಕಲ್ಲುಗುಡ್ಡ. ಎತ್ತಿಗೊಂದು ಕಲ್ಲು ಹೊರಿಸಿ ತಂದು ಹೊಳೆಗೆ ಇಳಿಸಿದರೆ?

ಪಂಚಾಯ್ತಿಯಲ್ಲಿ ಹೇಳಿದ. ಯಾರೂ ತಲೆಯೆತ್ತಲಿಲ್ಲ. "ಹೊಣೆ ನಿಲ್ತೀಯೇನು?" ಅಂತ ಯಾರೋ ಕುಟುಕಿದರು.

"ಇಲ್ಲ," ಅಂದ ಅಡಿವೆಪ್ಪ. "ಯಾರಿಗೂ ಹೊಣೆ ನಿಲ್ಲಲ್ಲ. ನನ್ನ ಆರೆತ್ತಿಗೆ ಆರು ಕಲ್ಲು, ನಾನು ಹೊರಿಸ್ತೀನಿ. ಅಷ್ಟೇ."

"ನಂದು ಎರಡು," ಅಂದಳು ತಿರಕವ್ವ. "ಅರಮನೆ ಸೇತುವೆಗೆ ಐದು ವರ್ಷ ಉಪ್ಪು ಕೊಟ್ಟೀನಿ. ನನ್ನ ಸೇತುವೆಗೆ ಎರಡು ಕಲ್ಲು ಕೊಡಕ್ಕಾಗಲ್ವಾ?"

ಮೊದಲ ಸಲ ಎಂಟು ಕಲ್ಲು. ಎರಡನೇ ಸಲ ಇಪ್ಪತ್ತು. ಹೊಳೆ ನಡುವೆ ಎತ್ತುಗಳು ಒದ್ದೆಯಾಗದೆ ನಿಲ್ಲುವುದನ್ನು ಕಂಡ ಮೇಲೆ ಮೂರನೇ ಸಲ ಎಪ್ಪತ್ತಾರು ಎತ್ತಿಗೆ ಎಪ್ಪತ್ತಾರು ಕಲ್ಲು. ಹೀಗೆ ಮೂರು ಬೇಸಿಗೆ. ಒಬ್ಬ ಕಲ್ಲುಕುಟಿಗನಿಗೆ ಉಪ್ಪು ಅಳೆದು ಕೊಟ್ಟು ಹಾಸುಗಲ್ಲು ಸೀಳಿಸಿದರು. ಉದ್ದನೆಯವನ್ನು ನಾಲ್ಕೆತ್ತು ಹೂಡಿ ಎಳೆಸಿದರು. ಕಂಬ ನಿಂತವು, ಕಂಬದ ಮೇಲೆ ಹಾಸು ಕೂತಿತು. ಹೇರು ಹೊತ್ತ ಒಂದೆತ್ತು ತಿರುಗಿಕೊಳ್ಳಲು ಎಷ್ಟು ಬೇಕೋ ಅಷ್ಟೇ ಅಗಲ. ಎರಡೆತ್ತು ಅಕ್ಕಪಕ್ಕ ಹೋಗುವಂತಿಲ್ಲ. ಗಿಳಿಯಿಲ್ಲ, ಸಿಂಹವಿಲ್ಲ. ಆದರೆ ಕಾಲು ಒದ್ದೆಯಾಗುತ್ತಿರಲಿಲ್ಲ.

ಸುಂಕದವರು ದಿನಾ ನೋಡುತ್ತಿದ್ದರು, ಕೊನೆಗೂ ಅರಮನೆಯ ಕೆಲಸವೇ ಶುರುವಾಯಿತು ಅಂದುಕೊಂಡರು. ದಿವಾನನಿಗೆ ಮಾತ್ರ ಗೊತ್ತಿತ್ತು. ಅವನು ಬೇಡ ಅನ್ನಲಿಲ್ಲ. ಕಂಬಕ್ಕಿಷ್ಟು, ಹಾಸಿಗಿಷ್ಟು, ಕೂಲಿಗಿಷ್ಟು ಅಂತ ಬೊಕ್ಕಸದಿಂದ ಎತ್ತುತ್ತಾ ಹೋದನಂತೆ.

ಸೇತುವೆ ಮುಗಿಯಿತು. ಊರಿಗೆ ಡಂಗುರವಾಯಿತು. ದೊರೆಗಳು ದಯಮಾಡಿಸಿದರು. ಕಮಾನಿನ ಪಕ್ಕ ಒಂದು ಶಾಸನದ ಕಲ್ಲು, ಮೇಲೆ ರೇಷ್ಮೆ ವಸ್ತ್ರ, ವಸ್ತ್ರದಡಿ ಬರಹ: 'ಪ್ರಜೆಗಳ ಹಿತಕ್ಕಾಗಿ ಮಹಾರಾಜರು ಕಟ್ಟಿಸಿದ್ದು.' ಉಪ್ಪಿನ ಸಾಲು ಸೇತುವೆ ಹತ್ತಿ ನಿಂತಿತು. ಮಲಕಾಜಿಯ ಗಂಟೆಯೆತ್ತು ಕಮಾನಿನ ಹತ್ತಿರ, ಬಾಲ ಆ ತುದಿಯಲ್ಲಿ. ಬಸಲಿಂಗ ತೋಳೇರಿಸಿ ಕೂತಿದ್ದ.

ಆಗ ದಿವಾನ ಅಡಿವೆಪ್ಪನನ್ನು ಕರೆಸಿದ. ಪಕ್ಕಕ್ಕೆ ಎಳೆದುಕೊಂಡು, "ನೋಡು," ಅಂದ. "ಅರಮನೆ ಕಟ್ಟಿಸುತ್ತೆ ಅಂತ ಹೊಣೆ ನಿಂತವನು ನೀನು. ಅರಮನೆ ಕಟ್ಟಿಸಿತು ಅಂತ ದೊರೆಗಳ ಮುಂದೆ ಒಂದು ಮಾತು ಹೇಳು. ನಿನ್ನ ಮಾತು ನಿಜವಾಗುತ್ತೆ, ನಿನ್ನ ಗಂಟೆ ನಿನಗೆ. ಯಾರಿಗೂ ನಷ್ಟವಿಲ್ಲ."

ಮಲಕಾಜಿ ಆಗಲೇ ಗಂಟೆಯ ಹುರಿಗೆ ಕೈ ಹಾಕಿದ್ದ. "ಹೇಳಿಬಿಡಣ್ಣಾ," ಅಂದ ಮೆಲ್ಲಗೆ. "ನಾವ್ಯಾರೂ ಎದುರು ಆಡಲ್ಲ. ನೀನು ತಲೆಗೆ ಬಂದ್ರೆ ಸಾಕು."

ಅಡಿವೆಪ್ಪ ಗಂಟೆ ನೋಡಿದ. ಒಂದು ಮಾತು, ಅಷ್ಟೇ. ಪೇಟೆಗೆ ಮೊದಲು ಮುಟ್ಟಬಹುದು, ಎರಡು ವರ್ಷದಲ್ಲಿ ಹೋದ ನಾಲ್ಕೆತ್ತು ವಾಪಸು ಕಟ್ಟಬಹುದು. ಆದರೆ ಅವನು ವ್ಯಾಪಾರಸ್ಥ. ಒಂದು ಸಲ ಈ ಅಂಗಡಿಯ ಮಾಲಿಗೆ ಹೊಣೆ ನಿಂತು ಏನಾಯಿತು ಅಂತ ಕಂಡಿದ್ದ. ಎರಡನೇ ಸಲ ನಿಂತರೆ ಮೋಸ ಹೋದವನು ಅನ್ನುವುದಿಲ್ಲ, ಮೋಸದಲ್ಲಿ ಪಾಲುದಾರ ಅನ್ನುತ್ತಾರೆ.

"ಏನಯ್ಯಾ, ಸೇತುವೆ ಕೇಳಿದವನು ನೀನೇ ಅಲ್ಲವಾ?" ಅಂದ ರಾಜ ನಗುತ್ತಾ. "ಈಗ ಸಂತೋಷವಾ?"

"ಬುದ್ಧಿ, ಈ ಸೇತುವೆ ಅರಮನೆ ಕಟ್ಟಿಸಿದ್ದಲ್ಲ," ಅಂದ ಅಡಿವೆಪ್ಪ. "ನಾವು ಇಪ್ಪತ್ತು ಮಂದಿ, ನಮ್ಮ ಎತ್ತಿನ ಬೆನ್ನ ಮೇಲೆ ಕಲ್ಲು ಹೊತ್ತು ಕಟ್ಟಿದ್ದು. ಅರಮನೆಯದು ಅಂತ ಒಂದು ಚೂರು ಕಲ್ಲೂ ಇದರಾಗಿಲ್ಲ."

ಗಾಳಿಗೆ ರೇಷ್ಮೆ ವಸ್ತ್ರ ಪಟಪಟ ಅಂದಿತು. ದಿವಾನ ಬಿಳಿಚಿಕೊಂಡ. ರಾಜ ಹುಬ್ಬು ಗಂಟಿಕ್ಕಿ ಸೇತುವೆಯನ್ನು ಆ ತುದಿಯಿಂದ ಈ ತುದಿಗೆ ನೋಡಿದ.

"ನೀವೇ ಕಟ್ಟಿದಿರಾ?"

"ನಾವೇ, ಬುದ್ಧಿ."

"ಹೇರಿಗೆರಡು ಬೊಗಸೆ ಸುಂಕ ಕೊಟ್ಟ ಮೇಲೂ?"

"ಕೊಟ್ಟ ಮೇಲೂ."

ರಾಜ ಗಲ್ಲ ಸವರಿಕೊಂಡು ಯೋಚಿಸಿದ. ಮುಖ ಅರಳಿತು. ದಿವಾನನ ಕಡೆ ತಿರುಗಿದ. "ದಿವಾನರೇ, ಇಷ್ಟು ಕೊಟ್ಟ ಮೇಲೂ ಇವರಲ್ಲಿ ಒಂದು ಸೇತುವೆ ಕಟ್ಟುವಷ್ಟು ಮಿಕ್ಕಿದೆ ಅಂದರೆ, ನಮ್ಮ ಸುಂಕ ಕಡಿಮೆಯಾಯಿತು ಅಂತ ಅರ್ಥ. ಇವತ್ತಿನಿಂದ ಇನ್ನೊಂದು ಬೊಗಸೆ ಸೇರಿಸಿ."

ದಿವಾನನಿಗೆ ಹೋದ ಜೀವ ಬಂತು. "ಅಪ್ಪಣೆ," ಅಂದ. ಬಸಲಿಂಗ ಎರಡೂ ಕೈ ಚಾಚಿದ.

ಅಡಿವೆಪ್ಪ ಕೈ ಮುಗಿಯಲಿಲ್ಲ, ಬೈಯಲಿಲ್ಲ. ಬೆನ್ನು ತಿರುಗಿಸಿ ಸೇತುವೆಯ ಮೇಲೆ ನಡೆದ. ಮಲಕಾಜಿಯನ್ನು ದಾಟಿದ, ಹದಿನೇಳು ಮಂದಿಯನ್ನು ದಾಟಿದ, ತಿರಕವ್ವನನ್ನು ದಾಟಿದ, ಬಾಲದಲ್ಲಿ ತನ್ನ ಆರೆತ್ತು ನಿಂತಲ್ಲಿಗೆ ಬಂದ. ಕೊನೆಯ ಎತ್ತಿನ ಮೂಗುದಾರ ಹಿಡಿದು, ನಿಂತಲ್ಲೇ ಅದನ್ನು ಆಚೆ ದಡಕ್ಕೆ ಮುಖ ಮಾಡಿ ತಿರುಗಿಸಿದ.

"ಹ್ಞೂಂ, ನಡಿ," ಅಂದ ಎತ್ತಿಗೆ.

ತಿರಕವ್ವ ತನ್ನ ಎರಡೆತ್ತು ತಿರುಗಿಸಿದಳು. ಅವಳ ಮುಂದಿದ್ದವನು ತಿರುಗಿಸಿದ, ಅವನ ಮುಂದಿದ್ದವನು ತಿರುಗಿಸಿದ. ಎಪ್ಪತ್ತಾರು ಎತ್ತು ನಿಂತ ನಿಂತಲ್ಲೇ ತಿರುಗಿದವು. ಎರಡೆತ್ತು ಅಕ್ಕಪಕ್ಕ ಹೋಗಲಾಗದ ಸೇತುವೆ. ಯಾರೂ ಯಾರನ್ನೂ ದಾಟುವಂತಿಲ್ಲ. ಇಷ್ಟು ಹೊತ್ತು ಬಾಲವಾಗಿದ್ದದ್ದು ತಲೆಯಾಯಿತು. ತಲೆಯಾಗಿದ್ದ ಗಂಟೆಯೆತ್ತು ಎಲ್ಲರಿಗಿಂತ ಹಿಂದೆ ಟಣ್ ಟಣ್ ಅನ್ನುತ್ತಾ ಬಂತು.

ಜಾಲಿ ಬಯಲಿನಲ್ಲಿ ಹೇರು ಇಳಿಸಿ ಅಲ್ಲೇ ಅಂಗಡಿ ಹೂಡಿದರು. ಉಪ್ಪಿಲ್ಲದೆ ಊರು ಎಷ್ಟು ದಿನ ತಡೆದೀತು? ನಾಲ್ಕನೇ ದಿನ ಹೆಂಗಸರು ಗಡಿಗೆ ಹಿಡಿದು, ಗಂಡಸರು ವಲ್ಲಿಬಟ್ಟೆ ಹಿಡಿದು, ಅದೇ ಸೇತುವೆ ಹಾದು ಬಂದರು. ಸುಂಕ ಇದ್ದದ್ದು ಹೇರಿಗೆ. ಗಡಿಗೆ ಹೇರಲ್ಲ, ಬಟ್ಟೆಯ ಗಂಟೂ ಹೇರಲ್ಲ. ಗಡಿಗೆಗೂ ಒಂದು ಬೊಗಸೆ ಅಂತ ದಿವಾನ ಡಂಗುರ ಹೊಡೆಸಿ ನೋಡಿದ. ಬಸಲಿಂಗನ ಕೈ ಗಡಿಗೆಯ ಬಾಯೊಳಗೆ ಇಳಿಯಲಿಲ್ಲವಂತೆ.

ಆದರೆ ಕೊಟ್ಟ ಉಪ್ಪಿನಲ್ಲಿ ಒಂದು ಹರಳೂ ವಾಪಸು ಬರಲಿಲ್ಲ. ರಾಜನ ಹೆಸರಿನ ಕಲ್ಲು ಅಲ್ಲೇ ನಿಂತಿತು. ಆನೆ ಬೆಳೆಯಿತು, ಹೊಟ್ಟೆ ದೊಡ್ಡದಾಯಿತು, ಕಬ್ಬು ಇನ್ನೂ ಹೆಚ್ಚಾಗಿ ಬೇಕಾಯಿತು. ಉಪ್ಪಿನವರು ತಪ್ಪಿಸಿಕೊಂಡ ಬೊಗಸೆ ಎಣ್ಣೆಯವರ ಮೇಲೆ, ಬೆಲ್ಲದವರ ಮೇಲೆ ಬಿತ್ತು. ಅವರಿಗೆ ದಾಟಲು ಹೊಳೆಯೂ ಇರಲಿಲ್ಲ.

ಬಯಲಿನ ಪೇಟೆ ತುಂಬಿದ ಮೇಲೆ ಮಲಕಾಜಿ ಗಂಟೆ ತಂದು ಅಡಿವೆಪ್ಪನ ಮುಂದಿಟ್ಟ. "ಹಂಗೆ ಕೊಡಾಕೆ ಬರಲ್ಲ," ಅಂದಳು ತಿರಕವ್ವ. "ಅರಮನೆ ಕಟ್ಟಿಸ್ತೈತೆ ಅಂತ ಹೊಣೆ ನಿಂತಿದ್ದ, ಅರಮನೆ ಕಟ್ಟಿಸ್ಲಿಲ್ಲ. ಹೊಳೆ ದಾಟಿ ಊರಿಗೆ ಹೊರಟ್ರೆ ಅವನು ಬಾಲಾನೇ."

"ಹೌದು," ಅಂದ ಅಡಿವೆಪ್ಪ. "ಹೊಳೆ ದಾಟಿ ಹೊರಡೋದು ಯಾರು?"

ಯಾರೂ ಹೊರಡಲಿಲ್ಲ.

ಕಥೆ ಹೊಳೆಯಾಚೆ ಉಳಿಯಿತು, ನಾವು ಹೊಳೆಯೀಚೆ ಉಳಿದೆವು. ಅವರಿಗೆ ಬೊಗಸೆ ತಪ್ಪಿತು, ನಮಗಿನ್ನೂ ತಪ್ಪಿಲ್ಲ.